ಹಳೆಯ ಹಾಲಿನ ಗಾಡಿಯ ತುಕ್ಕು: ಗ್ರೈಂಡರ್ ಹಿಡಿಯುವ ಮೊದಲು ಮಾಡಬೇಕಾದ ತಯಾರಿ



ಯಲ್ಲಾಪುರ ತಾಲೂಕಿನ ವಜ್ರಳ್ಳಿಯಂಥ ಊರುಗಳಲ್ಲಿ ಮನೆಯಿಂದ ಮನೆಗೆ ನಡುವೆ ತೋಟ, ಹಳ್ಳ, ಗುಡ್ಡ. ಇಲ್ಲಿ ಹಾಲಿನ ಕ್ಯಾನು ಸಂಘಕ್ಕೆ ತಲುಪುವುದಕ್ಕೂ, ಹಿಂಡಿ ಚೀಲ ಮನೆಗೆ ಬರುವುದಕ್ಕೂ, ಘಟ್ಟದ ಮೇಲಿನ ಬಯಲಿನಿಂದ ಬಿಳಿಹುಲ್ಲು ತರುವುದಕ್ಕೂ ಒಂದು ಹಳೆಯ ಪಿಕಪ್ ಅಥವಾ ಮಿನಿ ಲಾರಿಯೇ ಆಧಾರ. ಅದೇ ಗಾಡಿ ಮಳೆಗಾಲದ ಮೊದಲು ದರಕು ಹೊರುತ್ತದೆ, ಆಮೇಲೆ ಗೊಬ್ಬರ ಹೊರುತ್ತದೆ, ಕೊಯ್ಲಿನಲ್ಲಿ ಅಡಿಕೆ ಹೊರುತ್ತದೆ. ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ, ಆದರೆ ಬಾಡಿಯ ಅಡಿ ತೂತಾಗಿರುತ್ತದೆ, ಚಾಸಿ ಪದರ ಪದರವಾಗಿ ಉದುರುತ್ತಿರುತ್ತದೆ.

ಬೇಸಿಗೆ ಬಂದೊಡನೆ ಹಲವರು ಒಂದು ಗ್ರೈಂಡರ್, ಒಂದು ವೈರ್ ಬ್ರಷ್, ಒಂದು ಡಬ್ಬ ರೆಡ್ ಆಕ್ಸೈಡ್ ತಂದು ಮನೆಯಂಗಳದಲ್ಲೇ ಕೆಲಸ ಶುರು ಮಾಡುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಬಣ್ಣದ ಕೆಳಗಿನಿಂದ ತುಕ್ಕು ಮತ್ತೆ ಉಬ್ಬಿ ಬರುತ್ತದೆ. ದೋಷ ಬಣ್ಣದ್ದಲ್ಲ, ತಯಾರಿಯದ್ದು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹಳೆಯ ಗಾಡಿಯಿಂದ ಉದುರುವ ಬಣ್ಣದ ಪುಡಿ, ಬ್ರಷ್ಷಿನ ತಂತಿ, ಬ್ಯಾಟರಿಯ ಸೀಸ ಕೊಟ್ಟಿಗೆಗೆ ತಲುಪಿದರೆ ಗಾಡಿ ಉಳಿಸಲು ಹೋಗಿ ಹಸುವನ್ನು ಕಳೆದುಕೊಳ್ಳುವ ಪರಿಸ್ಥಿತಿ ಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ತುಕ್ಕು ತೆಗೆಯುವ ಕೆಲಸಕ್ಕಿಂತ ಅದರ ಹಿಂದಿನ ತಯಾರಿಯನ್ನು ಹಂತ ಹಂತವಾಗಿ ತಿಳಿಸಲಾಗಿದೆ.

ನಮ್ಮ ಗಾಡಿಗಳಿಗೆ ತುಕ್ಕು ಬೇಗ ಏಕೆ?

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ – ಈ ಮೂರೂ ಸೇರಿದರೆ ತುಕ್ಕು. ಗಾಳಿಯ ತೇವಾಂಶ ಸುಮಾರು ಶೇ. 60 ದಾಟಿದ ಮೇಲೆ ತುಕ್ಕಿನ ವೇಗ ಏರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಒಣಗುವುದೇ ಇಲ್ಲ. ಮಳೆ ನಿಂತ ಮೇಲೂ ಚಳಿಗಾಲದ ಇಬ್ಬನಿ ಬೆಳಗಿನ ಒಂಬತ್ತು ಗಂಟೆಯ ತನಕ ತಗಡಿನ ಮೇಲೆ ಕುಳಿತಿರುತ್ತದೆ.

ಅದರ ಮೇಲೆ ಹೈನುಗಾರಿಕೆಯ ಗಾಡಿಗೆ ಬೇರೆ ಕಾರಣಗಳೂ ಸೇರುತ್ತವೆ. ಚೆಲ್ಲಿದ ಹಾಲು ಹಲಗೆಯ ಸಂದಿಗೆ ಇಳಿದು ಹುಳಿಯುತ್ತದೆ, ಆ ಹುಳಿಯಲ್ಲಿರುವ ಲ್ಯಾಕ್ಟಿಕ್ ಆಮ್ಲ ಬಣ್ಣ ಹೋದ ಕಬ್ಬಿಣವನ್ನು ತಿನ್ನುತ್ತದೆ. ದನ ಸಾಗಿಸಿದರೆ ಗಂಜಲದ ಉಪ್ಪು ಮತ್ತು ಅಮೋನಿಯಾ ಉಳಿಯುತ್ತದೆ. ಸಗಣಿ ಗೊಬ್ಬರ ಹಾಗೂ ದರಕಿನ ಪುಡಿ ಮೂಲೆಯಲ್ಲಿ ಸೇರಿ ಒದ್ದೆ ಸ್ಪಂಜಿನಂತೆ ವಾರಗಟ್ಟಲೆ ನೀರು ಹಿಡಿದಿಡುತ್ತವೆ. ಖನಿಜ ಮಿಶ್ರಣ, ಉಪ್ಪು, ರಸಗೊಬ್ಬರದ ಚೀಲ ಹರಿದರೆ ಅದರ ಉಪ್ಪು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಅರಬೈಲು ಘಟ್ಟ ಇಳಿದು ಅಂಕೋಲೆ, ಕಾರವಾರದ ಕಡೆ ಓಡಾಡುವ ಗಾಡಿಗೆ ಸಮುದ್ರದ ಉಪ್ಪುಗಾಳಿಯೂ ತಾಗುತ್ತದೆ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆದ್ದರಿಂದಲೇ ಎರಡು ಪಟ್ಟಿಗಳನ್ನು ಸೇರಿಸಿ ರಿವೆಟ್ ಹೊಡೆದ ಜಾಗದಲ್ಲಿ ತುಕ್ಕು ತುಂಬಿದರೆ ಪಟ್ಟಿಗಳೇ ಬಾಗಿ ಬಾಯಿ ಬಿಡುತ್ತವೆ. ಹೊರಗಿನಿಂದ ಎಷ್ಟೇ ಉಜ್ಜಿದರೂ ಸಂದಿನೊಳಗಿನ ತುಕ್ಕು ಹೋಗುವುದಿಲ್ಲ. ಮೊದಲು ಸಂದು ಖಾಲಿಯಾಗಬೇಕು, ಉಪ್ಪು ತೊಳೆದುಹೋಗಬೇಕು, ನೀರು ಆರಬೇಕು.

ಬಣ್ಣದ ಪುಡಿ ಮತ್ತು ನಿಮ್ಮ ಹಸು

ಹಳೆಯ ಲಾರಿಗಳಿಗೆ ಹೊಡೆದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಕಬ್ಬಿಣಕ್ಕೆ ಮೊದಲ ಲೇಪವಾಗಿ ಬಳಸುತ್ತಿದ್ದ ಸಿಂಧೂರ ಬಣ್ಣದ ‘ರೆಡ್ ಲೆಡ್’ ಎಂಬುದು ಸೀಸದ ಆಕ್ಸೈಡು. ಲಾರಿಗಳ ಹೊಳೆಯುವ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಬಳಕೆಯಲ್ಲಿತ್ತು. ಈಗ ಅಂಗಡಿಯಲ್ಲಿ ಸಿಗುವ ‘ರೆಡ್ ಆಕ್ಸೈಡ್’ ಬೇರೆ, ಅದು ಕೆಮ್ಮಣ್ಣಿನ ಬಣ್ಣದ ಕಬ್ಬಿಣದ ಆಕ್ಸೈಡು. ಎರಡರ ಹೆಸರೂ ಬಣ್ಣವೂ ಹತ್ತಿರವಿರುವುದರಿಂದ ಗೊಂದಲವಾಗುತ್ತದೆ. ಕಣ್ಣಳತೆಯಲ್ಲಿ ನಿರ್ಧರಿಸಬೇಡಿ, ಹಳೆಯ ಬಣ್ಣವೆಲ್ಲ ಸೀಸದ್ದೇ ಎಂದುಕೊಂಡು ಕೆಲಸ ಮಾಡಿ.

ನಮ್ಮ ದೇಶದಲ್ಲಿ ಗೃಹಬಳಕೆ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2016ರಲ್ಲಿ ಬಂತು, 2017ರ ನವೆಂಬರ್ 1ರಿಂದ ಜಾರಿಯಾಯಿತು. ವಾಹನ ಹಾಗೂ ಕಾರ್ಖಾನೆಗಳಿಗೆ ಬಳಸುವ ಬಣ್ಣ ಆ ನಿಯಮದ ಹೊರಗೇ ಉಳಿಯಿತು.

ದನಗಳಿಗೆ ನೆಕ್ಕುವ ಸ್ವಭಾವ. ಸೀಸದ ಬಣ್ಣದ ಚಕ್ಕೆ, ಒಡೆದ ಬ್ಯಾಟರಿ, ಹಳೆಯ ಗ್ರೀಸು, ಬಳಸಿದ ಎಣ್ಣೆ ಸಿಕ್ಕರೆ ನೆಕ್ಕಿಬಿಡುತ್ತವೆ. ಜಗತ್ತಿನಾದ್ಯಂತ ದನಗಳಿಗೆ ಸೀಸದ ವಿಷ ಏರುವ ಮುಖ್ಯ ದಾರಿಗಳು ಇವೇ. ಕರುಗಳಿಗೆ ಅಪಾಯ ಇನ್ನೂ ಹೆಚ್ಚು. ದೇಹ ಸೇರಿದ ಸೀಸ ಹಾಲಿಗೂ ಇಳಿಯುತ್ತದೆ. ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾಲಿನ್ಯದ ಜಾಗಗಳಲ್ಲಿ ಸಾಕಿದ ಹಾಲು ಕರೆಯುವ ಹಸುಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದಲ್ಲಿ ಸೀಸ ಏರಿದಂತೆ ಹಾಲಿನಲ್ಲೂ ಏರುವುದು ಕಂಡುಬಂತು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಹಾಲಿನಲ್ಲಿ ಸೀಸದ ಮಿತಿ ಕಿಲೋಗೆ 0.02 ಮಿಲಿಗ್ರಾಂ. ಅಂದರೆ 50 ಕಿಲೋ ಹಾಲಿಗೆ ಒಂದೇ ಒಂದು ಮಿಲಿಗ್ರಾಂ. ಒಂದು ಮನೆಯ ಕ್ಯಾನಿನ ಹಾಲು ಸಂಘದಲ್ಲಿ ಇಡೀ ಊರಿನ ಹಾಲಿನೊಡನೆ ಸೇರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಮಕ್ಕಳಿಗೂ ಇದೇ ಅಪಾಯ. ಸೀಸ ಎಳೆಯ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ವರ್ಷಗಟ್ಟಲೆ ದೇಶಕ್ಕೆ ಎಚ್ಚರಿಕೆ ಹೇಳಿದರು. ಗಾಡಿ ಕೆರೆಯುವ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ.

ಯಾವಾಗ, ಎಲ್ಲಿ ಮಾಡಬೇಕು?

ನಮ್ಮ ಕಡೆ ಫೆಬ್ರುವರಿಯಿಂದ ಏಪ್ರಿಲ್ ಮಧ್ಯದ ತನಕದ ಅವಧಿ ಒಳ್ಳೆಯದು. ಆ ಹೊತ್ತಿಗೆ ಅಡಿಕೆ ಕೊಯ್ಲಿನ ಓಡಾಟ ತಗ್ಗಿರುತ್ತದೆ, ಇಬ್ಬನಿ ಕಡಿಮೆಯಾಗಿರುತ್ತದೆ, ಬೇಸಿಗೆಯ ಗುಡುಗು ಮಳೆ ಶುರುವಾಗಿರುವುದಿಲ್ಲ. ಗಾಡಿ ಒಂದು ವಾರ ಓಡುವುದಿಲ್ಲ ಎಂದು ಲೆಕ್ಕ ಹಾಕಿ, ಆ ವಾರ ಕ್ಯಾನು ಸಾಗಿಸಲು ಅಕ್ಕಪಕ್ಕದ ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ. ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಯಾವಾಗಲೂ ತೊಳೆಯುವ ಮತ್ತು ಒಣಗಿಸುವ ಹಂತವೇ.

ಜಾಗ ಆರಿಸುವಾಗ ಈ ನಾಲ್ಕನ್ನು ನೋಡಿ:

• ಕೊಟ್ಟಿಗೆ, ಹುಲ್ಲಿನ ಬಣವೆ, ದರಕಿನ ರಾಶಿಯಿಂದ ಕನಿಷ್ಠ ನೂರು ಅಡಿ ದೂರವಿರಲಿ. ಗಾಳಿ ಕೊಟ್ಟಿಗೆಯ ಕಡೆ ಬೀಸುವ ಜಾಗ ಬೇಡ.
• ಬಾವಿ, ಹಳ್ಳ, ತೋಟದ ಕಾಲುವೆಗೆ ನೀರು ಹರಿದು ಸೇರುವ ಇಳಿಜಾರು ಬೇಡ.
• ಅಡಿಕೆ ಒಣಗಿಸುವ ಅಂಗಳದಲ್ಲಿ ಈ ಕೆಲಸ ಮಾಡಲೇಬೇಡಿ. ಪುಡಿ ಸಗಣಿ ಸಾರಿಸಿದ ನೆಲದಲ್ಲಿ ಕೂತರೆ ಗುಡಿಸಿದರೂ ಹೋಗುವುದಿಲ್ಲ.
• ನೆಲ ಸಮತಟ್ಟಾಗಿ, ಗಟ್ಟಿಯಾಗಿರಬೇಕು. ಕೆರೆಯಲು ಶುರುಮಾಡುವ ಮೊದಲು ಗಾಡಿಯ ಅಡಿಗೆ ದಪ್ಪ ತಾಡಪಾಲು ಹಾಸಿ, ನಾಲ್ಕೂ ಅಂಚನ್ನು ಮೇಲಕ್ಕೆ ಮಡಚಿ.

ಹಂತ 1: ಬಿಚ್ಚುವುದು

ಬಾಡಿಯ ಹಲಗೆ, ರಬ್ಬರ್ ಮ್ಯಾಟು, ಮಡ್‌ಗಾರ್ಡ್, ಕ್ಯಾಬಿನ್ನಿನ ಒಳಮ್ಯಾಟು – ನೀರು ಹಿಡಿದಿಡುವ ಎಲ್ಲವನ್ನೂ ತೆಗೆಯಿರಿ. ನಿಜವಾದ ತುಕ್ಕು ಕಾಣುವುದು ಆಗಲೇ. ಹಲಗೆಯ ಕೆಳಗಿನ ಅಡ್ಡಪಟ್ಟಿ, ಬಾಡಿಯ ಪಕ್ಕದ ತಗಡು ನೆಲಕ್ಕೆ ಸೇರುವ ಮೂಲೆ, ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು – ಈ ನಾಲ್ಕು ಕಡೆ ಸಾಮಾನ್ಯವಾಗಿ ಹೆಚ್ಚು ತಿಂದಿರುತ್ತದೆ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಯಾವ ಬೋಲ್ಟು ಎಲ್ಲಿಯದು, ವೈರು ಯಾವ ಕಡೆಯಿಂದ ಹೋಗಿದೆ ಎಂದು ಒಂದು ವಾರದ ನಂತರ ನೆನಪಿರುವುದಿಲ್ಲ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬದಲ್ಲಿ ಹಾಕಿ ಮೇಲೆ ಚೀಟಿ ಅಂಟಿಸಿ. ಹಾಲಿನ ಕ್ಯಾನು, ಹಾಲು ಅಳೆಯುವ ಪಾತ್ರೆ, ಹಿಂಡಿ ಕಲಸುವ ಬಕೆಟ್ಟನ್ನು ಈ ಕೆಲಸಕ್ಕೆ ಮುಟ್ಟಬೇಡಿ. ಜಾಮಾದ ಬೋಲ್ಟಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಡಿ.

ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು, ಪಾಸಿಟಿವ್ ವೈರನ್ನು ನಂತರ ಬಿಚ್ಚಿ, ಬ್ಯಾಟರಿಯನ್ನು ಹೊರಗೆ ತೆಗೆಯಿರಿ. ಅದನ್ನು ಕೊಟ್ಟಿಗೆಯ ಅಟ್ಟದಲ್ಲಿ ಅಥವಾ ಹುಲ್ಲಿನ ಮನೆಯಲ್ಲಿ ಇಡಬೇಡಿ. ದನಕ್ಕೂ ಮಕ್ಕಳಿಗೂ ಸಿಗದ ಕೋಣೆಯಲ್ಲಿ ಇಡಿ. ಹಾಳಾದ ಬ್ಯಾಟರಿಯಾದರೆ ಹೊಸದನ್ನು ಕೊಳ್ಳುವ ಅಂಗಡಿಗೇ ವಾಪಸು ಕೊಡಿ.

ಡೀಸೆಲ್ ಟ್ಯಾಂಕಿನ ಹತ್ತಿರ ಗ್ರೈಂಡರ್ ಅಥವಾ ವೆಲ್ಡಿಂಗ್ ಕೆಲಸ ಇದ್ದರೆ ಟ್ಯಾಂಕನ್ನು ಕಳಚಿ ದೂರ ಇಡಬೇಕು. ‘ಖಾಲಿ ಇದೆ, ಏನಾಗುವುದಿಲ್ಲ’ ಎಂಬ ಮಾತು ಅಪಾಯದ್ದು. ಖಾಲಿ ಟ್ಯಾಂಕಿನೊಳಗೆ ಇಂಧನದ ಆವಿ ಗಾಳಿಯೊಡನೆ ಬೆರೆತಿರುತ್ತದೆ, ಕಿಡಿ ಬಿದ್ದರೆ ಸ್ಫೋಟವಾಗಬಹುದು.

ಹಂತ 2: ಎತ್ತಿ ನಿಲ್ಲಿಸುವುದು

ಚಾಸಿಯ ಅಡಿಗೆ ಮನುಷ್ಯ ಹೋಗಬೇಕಾದ ಕೆಲಸ ಇದು. ಜಾಕಿ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡು ಅಥವಾ ಅಡ್ಡಡ್ಡ ಜೋಡಿಸಿದ ದಪ್ಪ ಮರದ ತುಂಡುಗಳ ಮೇಲೆ ಭಾರ ಕೂರಿಸಿ. ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವ ಚಿರೆಕಲ್ಲು ಇದಕ್ಕೆ ಸಲ್ಲದು. ಗೋಡೆಗೆ ಅದು ಗಟ್ಟಿ, ಆದರೆ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಎಚ್ಚರಿಕೆ ಕೊಡದೆ ಸೀಳುತ್ತದೆ. ಸಿಮೆಂಟ್ ಇಟ್ಟಿಗೆಯೂ ಬೇಡ.

ನೆಲದ ಮೇಲಿರುವ ಚಕ್ರಗಳ ಹಿಂದೆ, ಮುಂದೆ ಕಟ್ಟೆ ಕೊಡಿ. ತುಕ್ಕು ತಿಂದು ಮೆತ್ತಗಾದ ಜಾಗದಲ್ಲಿ ಜಾಕಿ ಕೊಟ್ಟರೆ ಚಾಸಿ ಪಟ್ಟಿಯೇ ಒಳಗೆ ಕುಸಿಯುತ್ತದೆ. ಸಾಧ್ಯವಾದರೆ ಎಕ್ಸೆಲ್ ಕೆಳಗೆ ಕೊಡಿ. ಒಬ್ಬರೇ ಇರುವಾಗ ಗಾಡಿಯಡಿಗೆ ಹೋಗಬೇಡಿ.

ಹಂತ 3: ಮೊದಲು ಒಣಗಿದ್ದನ್ನು ಕೆರೆಯಿರಿ, ಆಮೇಲೆ ತೊಳೆಯಿರಿ

ಸಗಣಿ, ಮಣ್ಣು, ದರಕಿನ ಪುಡಿ ಒಣಗಿರುವಾಗಲೇ ಮರದ ಕಡ್ಡಿ ಅಥವಾ ಪುಟ್ಟಿ ಬ್ಲೇಡಿನಿಂದ ಎಬ್ಬಿಸಿ. ಮೊದಲೇ ನೀರು ಹೊಡೆದರೆ ಅದು ಕೆಸರಾಗಿ ಚಾಸಿ ಪಟ್ಟಿಯ ಒಳಮೂಲೆಗೆ ಹೋಗಿ ಕೂರುತ್ತದೆ. ಈ ಹಂತದಲ್ಲಿ ಮಣ್ಣು, ಸಗಣಿಯನ್ನಷ್ಟೇ ಎಬ್ಬಿಸಬೇಕು, ಬಣ್ಣ ಅಥವಾ ತುಕ್ಕನ್ನು ಕೆರೆಯಲು ಹೋಗಬಾರದು. ಬಾಯಿ ತೆರೆದ ಆಕಾರದ ಚಾಸಿ ಪಟ್ಟಿಯಲ್ಲಿ ಕೆಳ ತುಟಿಯ ಮೇಲೆ, ಅಡ್ಡಪಟ್ಟಿ ಸೇರುವ ಮೂಲೆಯಲ್ಲಿ, ಸ್ಪ್ರಿಂಗ್ ಕೂರುವ ಬ್ರಾಕೆಟ್ಟಿನ ಮೇಲ್ಭಾಗದಲ್ಲಿ ಕೈ ಹಾಕಿ ನೋಡಿ. ವರ್ಷಗಳ ಮಣ್ಣು ಅಲ್ಲಿರುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ, ಅವು ಮುಚ್ಚಿದ್ದರೆ ತೆಳ್ಳಗಿನ ತಂತಿಯಿಂದ ಬಿಡಿಸಿ.

ಆಮೇಲೆ ಧಾರಾಳ ಸಿಹಿನೀರಿನಿಂದ ತೊಳೆಯಿರಿ. ಉಪ್ಪು, ಗಂಜಲ, ಹುಳಿದ ಹಾಲು ಹೋಗುವುದು ನೀರಿನಲ್ಲೇ, ಬ್ರಷ್ಷಿನಲ್ಲಲ್ಲ. ತುಕ್ಕಿನ ಗುಳಿಯಲ್ಲಿ ಉಪ್ಪು ಉಳಿದ ಹಾಗೆಯೇ ಬಣ್ಣ ಹೊಡೆದರೆ ಅದು ಬಣ್ಣದ ಕೆಳಗೆ ತೇವ ಎಳೆದು ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ಒಂದು ದಿನ ತೊಳೆದು, ಒಣಗಲು ಬಿಟ್ಟು, ಮಾರನೆಯ ದಿನ ಇನ್ನೊಮ್ಮೆ ತೊಳೆಯಿರಿ. ಒತ್ತಡದ ನೀರಿನ ಯಂತ್ರ ಬಳಸುವುದಾದರೆ ಚಕ್ರದ ಬೇರಿಂಗು, ವೈರಿನ ಕನೆಕ್ಟರು, ಆಲ್ಟರ್ನೇಟರು, ರೇಡಿಯೇಟರಿನ ರೆಕ್ಕೆಗಳಿಗೆ ನೇರವಾಗಿ ಹಿಡಿಯಬೇಡಿ. ಬಣ್ಣ ಚಕ್ಕೆಯಾಗಿ ಉದುರುವಷ್ಟು ಒತ್ತಡವೂ ಬೇಡ.

ಹಂತ 4: ಜಿಡ್ಡು ತೆಗೆಯುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಗ್ರೀಸು, ಎಂಜಿನ್ ಎಣ್ಣೆ ಇರುವ ಜಾಗಕ್ಕೆ ವೈರ್ ಬ್ರಷ್ ಹಾಕಿದರೆ ಎಣ್ಣೆ ಹೋಗುವುದಿಲ್ಲ, ಕಬ್ಬಿಣದ ಗೀರುಗಳೊಳಗೆ ಹರಡುತ್ತದೆ. ಅದರ ಮೇಲೆ ಪ್ರೈಮರ್ ಹಿಡಿಯುವುದಿಲ್ಲ. ತುಕ್ಕು ತೆಗೆಯುವ ದ್ರಾವಣವೂ ಜಿಡ್ಡಿನ ಕೆಳಗೆ ಇಳಿಯುವುದಿಲ್ಲ.

ದಪ್ಪ ಗ್ರೀಸನ್ನು ಕಡ್ಡಿಯಿಂದ ಕೆರೆದು, ಹಳೆ ಬಟ್ಟೆಯಲ್ಲಿ ಒರೆಸಿ. ಉಳಿದದ್ದಕ್ಕೆ ಗ್ಯಾರೇಜಿನಲ್ಲಿ ಬಳಸುವ ಜಿಡ್ಡು ತೆಗೆಯುವ ದ್ರಾವಣ, ಇಲ್ಲವೇ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾ ಮತ್ತು ಸೋಪಿನ ಪುಡಿ ಸಾಕು. ಸೀಮೆಎಣ್ಣೆ ಅಥವಾ ಡೀಸೆಲ್ ಬಳಸಿದರೆ ಅದು ತಾನೇ ಒಂದು ತೆಳು ಜಿಡ್ಡು ಬಿಡುತ್ತದೆ, ನಂತರ ಸೋಪು ನೀರಿನಿಂದ ಮತ್ತೆ ತೊಳೆಯಲೇಬೇಕು. ಪೆಟ್ರೋಲ್ ಮುಟ್ಟಬೇಡಿ. ಸೋಡಾ ನೀರು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ, ತಾಗಿದರೆ ಕೂಡಲೇ ತೊಳೆದುಬಿಡಿ. ಹಾಲಿಗೆ ವಾಸನೆ ಬೇಗ ಹಿಡಿಯುವುದರಿಂದ ಸೀಮೆಎಣ್ಣೆ, ಥಿನ್ನರ್ ಡಬ್ಬಗಳನ್ನು ಹಾಲಿನ ಪಾತ್ರೆ ಇಡುವ ಕೋಣೆಗೆ ಒಯ್ಯಬೇಡಿ.

ಜಿಡ್ಡು ಹೋಗಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆ: ಆ ಜಾಗಕ್ಕೆ ಒಂದು ಲೋಟ ಶುದ್ಧ ನೀರು ಸುರಿಯಿರಿ. ನೀರು ಒಂದೇ ಹಾಳೆಯಂತೆ ಹರಡಿ ಇಳಿದರೆ ಶುದ್ಧವಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ಒಡೆದರೆ ಇನ್ನೂ ಜಿಡ್ಡಿದೆ. ಗಾಡಿಗೆ ಹಳೆಯ ಮೇಣದ ಪಾಲಿಶ್ ಇದ್ದರೂ ಹನಿ ಒಡೆಯುತ್ತದೆ, ಅದೂ ಹೋಗಬೇಕು.

ಇದಾದ ಮೇಲೆ ಎರಡು ದಿನ ಪೂರ್ತಿ ಬಿಸಿಲಿನಲ್ಲಿ ಒಣಗಿಸಿ. ಹೊರಮೈ ಅರ್ಧ ಗಂಟೆಯಲ್ಲಿ ಒಣಗಿದಂತೆ ಕಾಣುತ್ತದೆ, ಪೆಟ್ಟಿಗೆ ಆಕಾರದ ಪಟ್ಟಿಗಳ ಒಳಗೆ ಮಾತ್ರ ನೀರು ನಿಂತಿರುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಿಕ್ಕರೆ ತೂತುಗಳಿಂದ ಗಾಳಿ ಊದಿ.

ಹಂತ 5: ಬಡಿದು, ಚುಚ್ಚಿ, ಗುರುತು ಹಾಕುವುದು

ಶುದ್ಧವಾಗಿ ಒಣಗಿದ ಮೇಲೆ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣ ‘ಟಣ್’ ಎನ್ನುತ್ತದೆ. ತಿಂದ ಜಾಗ ‘ಡಬ್’ ಎಂದು ಮಂಕಾಗಿ ಕೇಳುತ್ತದೆ, ಹಪ್ಪಳದಂಥ ಪದರ ಉದುರುತ್ತದೆ. ಸಂಶಯದ ಜಾಗವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಬ್ರೇಕ್ ಪೈಪು, ಡೀಸೆಲ್ ಪೈಪು, ಟ್ಯಾಂಕು, ಸ್ಪ್ರಿಂಗ್ ಪ್ಲೇಟುಗಳ ಮೇಲೆ ಬಡಿಯಬೇಡಿ. ಎಷ್ಟು ಸವೆದಿದೆ ಎಂದು ತಿಳಿಯಲು ಗಟ್ಟಿ ಜಾಗದ ದಪ್ಪವನ್ನು ಅಳೆದು, ಸವೆದ ಜಾಗದ ದಪ್ಪದೊಡನೆ ಹೋಲಿಸಿ.

ಮೂರು ಬಣ್ಣದ ಸೀಮೆಸುಣ್ಣದಿಂದ ಗುರುತು ಹಾಕಿ:

• ಬಿಳಿ: ಮೇಲ್ಮೈ ತುಕ್ಕು ಮಾತ್ರ. ಕೈಯಲ್ಲೇ ಉಜ್ಜಿ ತೆಗೆಯಬಹುದು.
• ಹಳದಿ: ಪದರ ಎದ್ದಿದೆ, ಗುಳಿ ಬಿದ್ದಿದೆ. ಯಂತ್ರದ ಕೆಲಸ ಬೇಕು.
• ಕೆಂಪು: ತೂತಾಗಿದೆ, ಒತ್ತಿದರೆ ಕುಸಿಯುತ್ತದೆ, ಅಥವಾ ಬಿರುಕಿದೆ. ಇಲ್ಲಿ ಉಜ್ಜುವುದರಿಂದ ಪ್ರಯೋಜನವಿಲ್ಲ.

ಬೋಲ್ಟಿನ ತೂತಿನಿಂದ ಹೊರಟ ಕೂದಲೆಳೆಯಂಥ ಕಂದು ಗೆರೆ ಕಂಡರೆ ಅದು ಬಿರುಕಿರಬಹುದು. ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಸ್ಪ್ರಿಂಗ್ ಬ್ರಾಕೆಟ್, ಕ್ಯಾಬಿನ್ ಕೂರುವ ಜಾಗದಲ್ಲಿ ಕೆಂಪು ಗುರುತು ಬಿದ್ದರೆ ಅಲ್ಲಿಗೆ ಮನೆಗೆಲಸ ಮುಗಿಯಿತು. ಚಾಸಿ ಕೆಲಸ ಬಲ್ಲ ಗ್ಯಾರೇಜಿಗೇ ಒಯ್ಯಬೇಕು. ಚಾಸಿಯ ಮೇಲೆ, ಕೆಳಗಿನ ತುಟಿಗಳಲ್ಲಿ ಮನಸ್ಸಿಗೆ ಬಂದಂತೆ ತೂತು ಕೊರೆಯುವುದು, ಗ್ಯಾಸಿನಿಂದ ಕಾಯಿಸುವುದು ಅದರ ಬಲವನ್ನು ಕುಂದಿಸುತ್ತದೆ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದಂತೂ ಮುಂದಿನ ಅಪಘಾತವನ್ನು ಮುಚ್ಚಿಟ್ಟಂತೆ. ಬ್ರೇಕಿನ ಲೋಹದ ಪೈಪು ತುಕ್ಕು ತಿಂದಿದ್ದರೆ ಉಜ್ಜಲು ಹೋಗಬೇಡಿ, ಬದಲಿಸಿ. ಲೋಡು ಹೇರಿಕೊಂಡು ಅರಬೈಲು ಘಟ್ಟ ಇಳಿಯುವ ಗಾಡಿಗೆ ಆ ಪೈಪೇ ಜೀವ.

ಕ್ಯಾಬಿನ್ನಿನ ತಗಡು ತೆಳ್ಳಗೆ, ಚಾಸಿ ಪಟ್ಟಿ ದಪ್ಪ. ಎರಡಕ್ಕೂ ಒಂದೇ ಯಂತ್ರ, ಒಂದೇ ಬಲ ಸಲ್ಲದು. ಚಾಸಿ ತಡೆದುಕೊಳ್ಳುವ ಗ್ರೈಂಡರ್ ಏಟಿಗೆ ಬಾಗಿಲಿನ ತಗಡು ಬಿಸಿಯಾಗಿ ಸೊಟ್ಟಗಾಗುತ್ತದೆ. ಯಾವ ಜಾಗಕ್ಕೆ ಯಾವ ಉಪಕರಣ ಎಂದು ಗುರುತು ಹಾಕುವಾಗಲೇ ಬರೆದಿಡಿ.

ಹಂತ 6: ಮುಚ್ಚಬೇಕಾದದ್ದನ್ನು ಮುಚ್ಚುವುದು

ಬ್ರೇಕ್ ಡ್ರಮ್ಮು, ಬ್ರೇಕ್ ಹೋಸು, ರಬ್ಬರ್ ಬುಷ್ಷು, ಗ್ರೀಸ್ ನಿಪ್ಪಲ್, ವೈರಿನ ಕಟ್ಟು, ಎಂಜಿನ್ನಿಗೆ ಗಾಳಿ ಹೋಗುವ ಬಾಯಿ – ಇವನ್ನು ದಪ್ಪ ಪ್ಲಾಸ್ಟಿಕ್ ಮತ್ತು ಟೇಪಿನಿಂದ ಸುತ್ತಿ. ಕಿಡಿ ಬೀಳುವ ಕಡೆ ಪ್ಲಾಸ್ಟಿಕ್ ಬದಲು ಒದ್ದೆ ಗೋಣಿ ಅಥವಾ ತಗಡು ಅಡ್ಡ ಹಿಡಿಯಬೇಕು. ಗ್ರೈಂಡರ್ ಕಿಡಿ ಗಾಜಿಗೆ ತಾಗಿದರೆ ಅಲ್ಲೇ ಅಂಟಿ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ, ಗಾಜನ್ನೂ ಮುಚ್ಚಿ. ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು ಹತ್ತಿರವಿರಲಿ. ಬೇಸಿಗೆಯಲ್ಲಿ ಒಣಗಿದ ದರಕಿಗೆ ಒಂದು ಕಿಡಿ ಸಾಕು.

ಚಾಸಿಯ ಮೇಲೆ ಕೊರೆದ ಚಾಸಿ ನಂಬರನ್ನು ಹುಡುಕಿ, ಕೈಯಿಂದ ಒರೆಸಿ, ಫೋಟೋ ತೆಗೆದು, ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ನಂತರ ಅದರ ಮೇಲೆ ಟೇಪು ಅಂಟಿಸಿ. ಅಲ್ಲಿ ಗ್ರೈಂಡರ್ ಹಾಕಬಾರದು, ದಪ್ಪ ಬಣ್ಣವನ್ನೂ ಬಳಿಯಬಾರದು. ನಂಬರ್ ಅಳಿದರೆ ಎಫ್‌ಸಿಗೆ ಒಯ್ದಾಗ ಗಾಡಿ ನಿಮ್ಮದೇ ಎಂದು ತೋರಿಸುವುದೇ ಕಷ್ಟವಾಗುತ್ತದೆ. ಸಾರಿಗೆ ವಾಹನಕ್ಕೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಅದರ ನಂತರ ಪ್ರತಿ ವರ್ಷವೂ ಎಫ್‌ಸಿ ಆಗಬೇಕು ಎಂಬುದು ನಿಮಗೆ ಗೊತ್ತೇ ಇದೆ. ಎಫ್‌ಸಿ ದಿನಾಂಕಕ್ಕೆ ಒಂದು ತಿಂಗಳಾದರೂ ಮೊದಲು ಈ ಕೆಲಸ ಇಟ್ಟುಕೊಳ್ಳುವುದು ಒಳ್ಳೆಯದು.

ಹಂತ 7: ಕೆಲಸ ಮಾಡುವವರ ಮೈಗಾವಲು

ಮುಖಕ್ಕೆ ಸುತ್ತಿದ ಟವೆಲು ಸೀಸದ ಧೂಳನ್ನು ತಡೆಯುವುದಿಲ್ಲ. ಫಿಲ್ಟರ್ ಇರುವ ಮಾಸ್ಕ್ ಧರಿಸಿ. ಕನಿಷ್ಠವೆಂದರೆ ಎನ್-95, ಗ್ರೈಂಡರ್ ಕೆಲಸಕ್ಕೆ ಅದಕ್ಕಿಂತ ಮೇಲಿನದು. ಸುತ್ತಲೂ ಮುಚ್ಚಿದ ಕನ್ನಡಕ, ಚರ್ಮದ ಕೈಗವಸು, ಕಿವಿಗೆ ಹತ್ತಿ ಬೇಕು. ಸಡಿಲ ಲುಂಗಿ, ಶಾಲು ತಿರುಗುವ ಬ್ರಷ್ಷಿಗೆ ಸಿಕ್ಕಿಕೊಳ್ಳುತ್ತದೆ.

ಹಳೆಯ ಬಣ್ಣವನ್ನು ಬ್ಲೋ ಲ್ಯಾಂಪಿನಿಂದ ಸುಡಬೇಡಿ. ಸೀಸ ಹೊಗೆಯಾಗಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಸಾಧ್ಯವಿದ್ದಲ್ಲೆಲ್ಲ ನೀರು ಚಿಮುಕಿಸಿ, ಒದ್ದೆ ಸ್ಯಾಂಡ್‌ಪೇಪರಿನಿಂದ ಕೈಯಲ್ಲೇ ಉಜ್ಜಿ. ನೀರು ಇರುವಲ್ಲಿ ವಿದ್ಯುತ್ ಯಂತ್ರ ಬಳಸಬೇಡಿ. ಹೊಳೆಯ ಮರಳನ್ನು ಒಣಗಿಸಿ ಗಾಳಿಯಲ್ಲಿ ಹೊಡೆಸುವ ಪದ್ಧತಿಯೂ ಬೇಡ, ಆ ಮರಳಿನ ಧೂಳಿನಿಂದ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬರುತ್ತದೆ.

ಕೆಲಸದ ಬಟ್ಟೆಯಲ್ಲಿ ಕೊಟ್ಟಿಗೆಗೆ ಕಾಲಿಡಬೇಡಿ. ಸಂಜೆ ಹಾಲು ಕರೆಯುವವರು ಗಾಡಿ ಕೆಲಸ ಮಾಡದವರೇ ಆಗಿರಲಿ. ಅದು ಸಾಧ್ಯವಿಲ್ಲದಿದ್ದರೆ ತಲೆಗೂ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಕರೆಯಬೇಕು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ತೊಳೆಯಬೇಡಿ. ಕೈ ತೊಳೆಯದೆ ಕವಳ ಹಾಕುವ ಅಭ್ಯಾಸ ಆ ವಾರಕ್ಕಾದರೂ ಬೇಡ.

ಹಂತ 8: ಪ್ರೈಮರ್ ಮೊದಲೇ ತಂದಿಡಿ

ತುಕ್ಕು ತೆಗೆದು ಹೊಳಪಿಗೆ ಬಂದ ಕಬ್ಬಿಣ ನಮ್ಮ ಹವೆಯಲ್ಲಿ ಒಂದೇ ರಾತ್ರಿಯಲ್ಲಿ ಮತ್ತೆ ಕೆಂಪಾಗುತ್ತದೆ. ಆದ್ದರಿಂದ ಪ್ರೈಮರ್, ಬ್ರಷ್, ಥಿನ್ನರ್ ಎಲ್ಲ ಕೈಗೆ ಸಿಗುವಂತಿರಬೇಕು. ಕೊಳ್ಳುವಾಗ ಡಬ್ಬದ ಮೇಲೆ ಸೀಸವಿಲ್ಲ ಎಂದು ಬರೆದದ್ದನ್ನು ನೋಡಿ ತೆಗೆದುಕೊಳ್ಳಿ. ಗಾಡಿಯನ್ನು ನಾಲ್ಕೈದು ಭಾಗ ಮಾಡಿಕೊಂಡು, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಒಂದು ಭಾಗ ಶುರು ಮಾಡಿ, ಅದೇ ಮಧ್ಯಾಹ್ನ ಆ ಭಾಗಕ್ಕೆ ಪ್ರೈಮರ್ ಹೊಡೆದು ಮುಗಿಸಿ. ಇಡೀ ಗಾಡಿಯ ತುಕ್ಕನ್ನು ಒಮ್ಮೆಗೇ ತೆಗೆದು, ಬಣ್ಣಕ್ಕೆ ಮುಂದಿನ ವಾರ ನೋಡೋಣ ಎಂದರೆ ಅಷ್ಟೂ ಶ್ರಮ ವ್ಯರ್ಥ.

ಪುಡಿ ಮತ್ತು ತಂತಿ: ಕೊನೆಯ ಎಚ್ಚರಿಕೆ

ಪ್ರತಿ ಸಂಜೆ ತಾಡಪಾಲಿನ ಮೇಲೆ ನೀರು ಚಿಮುಕಿಸಿ, ಪುಡಿ ಹಾರದಂತೆ ಒಟ್ಟುಮಾಡಿ ದಪ್ಪ ಚೀಲದಲ್ಲಿ ಕಟ್ಟಿ. ಇದನ್ನು ಗೊಬ್ಬರ ಗುಂಡಿಗೆ, ತೋಟಕ್ಕೆ, ಹಳ್ಳಕ್ಕೆ ಹಾಕಬೇಡಿ. ಗುಂಡಿಗೆ ಹಾಕಿದ ಸೀಸ ಕೊಳೆಯುವುದಿಲ್ಲ, ಗೊಬ್ಬರದೊಡನೆ ಮೇವಿನ ಹುಲ್ಲಿಗೆ ಮರಳುತ್ತದೆ. ಚೀಲದ ಮೇಲೆ ‘ವಿಷದ ಬಣ್ಣದ ಪುಡಿ’ ಎಂದು ಬರೆದು, ಗ್ರಾಮ ಪಂಚಾಯತಿಯ ಕಸ ವಿಲೇವಾರಿಯವರನ್ನು ಕೇಳಿ ಬೇರೆಯಾಗಿಯೇ ಒಪ್ಪಿಸಿ.

ತಿರುಗುವ ವೈರ್ ಬ್ರಷ್ಷಿನಿಂದ ತಂತಿಯ ತುಣುಕುಗಳು ಬಾಣದಂತೆ ಹಾರುತ್ತವೆ. ಹುಲ್ಲಿನೊಡನೆ ಅವು ಹಸುವಿನ ಹೊಟ್ಟೆ ಸೇರಿದರೆ ಎರಡನೆಯ ಹೊಟ್ಟೆಯ ಗೋಡೆ ಚುಚ್ಚಿ ಹೃದಯದ ತನಕ ಹೋಗಬಲ್ಲವು. ಕೆಲಸ ಮುಗಿದ ಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಸುತ್ತಲಿನ ನೆಲದ ಮೇಲೆ ಎಳೆಯಿರಿ. ಎಷ್ಟು ತಂತಿ ಅಂಟಿತು ಎಂದು ನೀವೇ ನೋಡಿ. ಮೊದಲ ಒಂದೆರಡು ಮಳೆ ಬಿದ್ದು ಹೋಗುವ ತನಕ ಆ ಜಾಗದಲ್ಲಿ ದನ ಕಟ್ಟಬೇಡಿ, ಅಲ್ಲಿಯ ಹುಲ್ಲು ಕೊಯ್ಯಬೇಡಿ.

ಹಸು ಅಥವಾ ಕರು ಇದ್ದಕ್ಕಿದ್ದಂತೆ ಕಣ್ಣು ಕಾಣದಂತೆ ಎಡವಿದರೆ, ಗೋಡೆಗೆ ತಲೆ ಒತ್ತಿ ನಿಂತರೆ, ಹಲ್ಲು ಕಡಿದರೆ, ಜೊಲ್ಲು ಸುರಿಸಿದರೆ, ಮೈ ನಡುಗಿದರೆ, ಮೆಲುಕು ನಿಲ್ಲಿಸಿದರೆ ಕೂಡಲೇ ಪಶುವೈದ್ಯರನ್ನು ಕರೆಸಿ. ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ಗಾಡಿ ಕೆರೆದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಹುಚ್ಚುರೋಗದಲ್ಲೂ ಇಂಥ ಲಕ್ಷಣ ಕಾಣುವುದರಿಂದ ಬಾಯಿಗೆ ಕೈ ಹಾಕಬೇಡಿ. ವೈದ್ಯರು ಒಪ್ಪುವ ತನಕ ಆ ಹಸುವಿನ ಹಾಲನ್ನು ಸಂಘಕ್ಕೂ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಶುರು ಮಾಡುವ ಮುನ್ನ ಒಮ್ಮೆ ನೋಡಿ

• ಕೊಟ್ಟಿಗೆ, ಬಾವಿ, ಅಡಿಕೆ ಅಂಗಳದಿಂದ ಜಾಗ ದೂರವಿದೆಯೇ? ತಾಡಪಾಲು ಹಾಸಿದೆಯೇ?
• ಬ್ಯಾಟರಿ ತೆಗೆದು ದನಕ್ಕೆ ಸಿಗದಲ್ಲಿ ಇಟ್ಟಿದೆಯೇ? ಟ್ಯಾಂಕು ದೂರವಿದೆಯೇ?
• ಗಾಡಿ ಸ್ಟ್ಯಾಂಡು ಅಥವಾ ಮರದ ಮೇಲೆ ಕೂತಿದೆಯೇ? ಚಿರೆಕಲ್ಲಿನ ಮೇಲೆ ಅಲ್ಲವಷ್ಟೆ?
• ಎರಡು ಸಲ ತೊಳೆದು, ಜಿಡ್ಡು ತೆಗೆದು, ನೀರಿನ ಪರೀಕ್ಷೆ ಮಾಡಿ, ಎರಡು ದಿನ ಒಣಗಿಸಿದೆಯೇ?
• ಮೂರು ಬಣ್ಣದ ಗುರುತು ಆಗಿದೆಯೇ? ಕೆಂಪು ಗುರುತಿನ ಜಾಗವನ್ನು ಗ್ಯಾರೇಜಿನವರು ನೋಡಿದ್ದಾರೆಯೇ?
• ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು ಮುಚ್ಚಿದೆಯೇ?
• ಮಾಸ್ಕ್, ಕನ್ನಡಕ, ಬದಲಿ ಬಟ್ಟೆ ಸಿದ್ಧವಿದೆಯೇ? ಪ್ರೈಮರ್ ತಂದಿದೆಯೇ?

ಈ ಎಲ್ಲದಕ್ಕೂ ‘ಹೌದು’ ಎಂದ ಮೇಲೆ ಗ್ರೈಂಡರ್ ಎತ್ತಿಕೊಳ್ಳಿ. ಬಿಚ್ಚಿ, ತೊಳೆದು, ಒಣಗಿಸುವ ಮೂರು ನಾಲ್ಕು ದಿನ ಕೆಲಸ ಮುಂದೆ ಹೋಗದಂತೆ ಅನಿಸುತ್ತದೆ. ಆದರೆ ಮುಂದಿನ ಮಳೆಗಾಲಗಳಲ್ಲಿ ಗಾಡಿಯನ್ನು ಕಾಯುವುದು ಆ ದಿನಗಳೇ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದೊಡನೆ ಹಲಗೆ ಎತ್ತಿ ಅಡಿ ತೊಳೆಯುವ ಅಭ್ಯಾಸ ಇಟ್ಟುಕೊಂಡರೆ, ಗಾಡಿಗೆ ಗ್ರೈಂಡರ್ ಹಿಡಿಯುವ ಅಗತ್ಯವೇ ಅಪರೂಪವಾಗುತ್ತದೆ.